ಹೊಸ ಹೆಡ್ಡಿನ ಟಕಟಕ

ದೊಡ್ಡಬಸವರಾಜ: ಪೂಜಿ ಆದ ಇಂಜಿನ್ನು ಬಿಚ್ಚಬ್ಯಾಡ ಅಂದ್ರ ಬಿಚ್ಚಬ್ಯಾಡ ಲೇ!

(ಬಳ್ಳಾರಿಯ ಗ್ಯಾರೇಜು. ಕುರುಗೋಡಿನ ದೊಡ್ಡಬಸವರಾಜ ತನ್ನ ಹಳೇ ಜೀಪಿನ ಬಾನೆಟ್ಟಿಗೆ ಅಡ್ಡ ನಿಂತಿದ್ದಾನೆ. ನಾಳೆ ಸಿರುಗುಪ್ಪದಲ್ಲಿ ಹೆಂಡತಿಯ ತಮ್ಮ ಅಮರೇಶನ ಗೃಹಪ್ರವೇಶ. ಅವನ ಹೊಸ ಕಾರಿನ ಎದುರು ಜೀಪು ಸಪ್ಪಗೆ ಕಾಣಬಾರದೆಂದು ಇಂಜಿನ್ನಿನ ಮೇಲ್ಭಾಗಕ್ಕೆ ಬೇರೆ ಕಂಪನಿಯ ಹೆಡ್ಡು ಹಾಕಿಸಿದ್ದಾನೆ. ಅಂದಿನಿಂದ ಒಳಗೆ ಟಕಟಕ. ಹೆಡ್ಡು ಹೊಸದು, ಹಟ ಹಳೆಯದು.)

ಹುಲಿಗೇಶ್ ಮೇಸ್ತ್ರಿ: ಸಾವ್ಕಾರ್ರ, ಈ ಹೆಡ್ಡಿನ ವಾಲ್ವು ಹಳೇವಕ್ಕಿಂತ ಉದ್ದ ಅದಾವು. ರಾಕರ್ ಏತದಂಗ ಬಗ್ಗಿ ವಾಲ್ವಿನ ನೆತ್ತಿ ನಡುವ ಒತ್ತಬೇಕು. ಇದು ಅಂಚಿಗೆ ಉಜ್ಜಾಕತ್ತೈತಿ.

ದೊಡ್ಡಬಸವರಾಜ: ಸ್ಕ್ರೂ ಬಿಗಿ ಮಾಡು, ಮುಗೀತು.

ಹುಲಿಗೇಶ್: ಬಿಗಿ ಮಾಡಿದ್ರ ಸಂದು ಹೋಗ್ತೈತಿ, ಓರಿ ಹೋಗಂಗಿಲ್ಲ. ಇದು ಜಾಮಿಟ್ರಿ.

ದೊಡ್ಡಬಸವರಾಜ: ನನಗ ಜಾಮಿಟ್ರಿ ಹೇಳ್ತೀಯಾ? ಸಾಲಿಗೆ ದಿನಾ ಕಂಪಾಸ್ ಪೆಟಗಿ ಒಯ್ದಾವ ನಾನು!

ಗಂಗೋತ್ರಿ: ಹೌದು, ಹುಣಸಿಹಣ್ಣು ತುಂಬ್ಕಂಡು.

(ಹೆಂಡತಿ ಗಂಗೋತ್ರಿ ಕುರ್ಚಿಯಿಂದ ಎದ್ದು ಬಂದಳು.)

ಗಂಗೋತ್ರಿ: ಮೊದ್ಲ ಕೂಡ್ಸೋ ಮುಂದ ಯಾಕ ನೋಡಲಿಲ್ಲಪ?

ಹುಲಿಗೇಶ್: ಇವ್ರು ನೋಡಾಕ ಬಿಟ್ರೇನ್ರಿ ಅಕ್ಕಾರ? ರಾಹುಕಾಲ ಬಂತು, ಲಗೂನ ಮುಚ್ಚು ಅಂದ್ರು!

ಗಂಗೋತ್ರಿ: ಈಗ ಬಿಚ್ಚು. ಪೂಜಿ ಮಾಡಿದಾಕಿ ನಾನು, ನಂದೇನೂ ತಕರಾರಿಲ್ಲ.

(ಹುಲಿಗೇಶ್ ಮುಚ್ಚಳ ತೆಗೆದು ಎಣ್ಣೆ ಒರೆಸಿದ. ಗುರುತು ಹಾಕಲು ಮಾರ್ಕರ್ ಹುಡುಕಿದರೆ ಅದು ಒಣಗಿತ್ತು. ಗಂಗೋತ್ರಿ ಚೀಲದಿಂದ ವಿಭೂತಿ ಗಟ್ಟಿ ತೆಗೆದು ವಾಲ್ವುಗಳ ನೆತ್ತಿಗೆ ಬಳಿದಳು. ಅವನು ಇಂಜಿನ್ನನ್ನು ಕೈಯಲ್ಲೇ ತಿರುಗಿಸಿದ. ರಾಕರ್ ಉಜ್ಜಿ ವಿಭೂತಿ ಒಂದೇ ಪಕ್ಕ ಅಳಿಸಿಹೋಗಿತ್ತು.)

ದೊಡ್ಡಬಸವರಾಜ: ನೋಡು, ಬಲಕ್ಕ! ಶುಭ ಆತು, ಮುಚ್ಚು.

ಹುಲಿಗೇಶ್: ಹೂವಿನ ಪ್ರಸಾದ ಕೇಳಾಕ ಇದು ಗುಡಿ ಅಲ್ರಿ, ವಾಲ್ವು! ಹಿಂಗ ಓಡಿಸಿದ್ರ ವಾಲ್ವು ಓಡಾಡೋ ಗೈಡ್ ಸವೆದು ಜೀಪು ದಾರ್ಯಾಗ ನಿಲ್ತೈತಿ.

ಗಂಗೋತ್ರಿ: ತಮ್ಮನ ಮನಿಗೆ ನಾನು ಭತ್ತದ ಲಾರ‍್ಯಾಗ ಇಳೀಬೇಕೇನು?

(ದೊಡ್ಡಬಸವರಾಜ ಹಿಂದೆ ಸರಿದ. ಹುಲಿಗೇಶ್ ರಾಕರ್ ಸ್ಟ್ಯಾಂಡಿನ ಕೆಳಗೆ ತೆಳು ಪಟ್ಟಿ ಕೊಟ್ಟು ಎತ್ತರಿಸಿದ. ಅಳತೆ ನೋಡಿ, ರಾಕರನ್ನು ತಳ್ಳಲು ಇನ್ನೂ ಉದ್ದನೆಯ ಪುಶ್‌ರಾಡ್ ಹಾಕಿದ. ಮತ್ತೆ ವಿಭೂತಿ, ಮತ್ತೆ ತಿರುಗಿಸಿದ. ಗುರುತು ಸರಿಯಾಗಿ ನಡುವೆ. ಸಂದು ಹೊಂದಿಸಿ, ಮುಚ್ಚಿ, ಸ್ಟಾರ್ಟ್ ಮಾಡಿದ. ಇಂಜಿನ್ನು ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಗಂಗೋತ್ರಿಯ ಮುಖ ಅರಳಿತು, ಗಂಡನದು ಬಾಡಿತು.)

ದೊಡ್ಡಬಸವರಾಜ: ಟಕಟಕ ಎಲ್ಲೈತಿ?

ಹುಲಿಗೇಶ್: ಹೋತಲ್ರಿ!

ದೊಡ್ಡಬಸವರಾಜ: ಯಾರನ್ನ ಕೇಳಿ ತೆಗೆದಿ? ಹೊಸ ಹೆಡ್ಡಿನ ತಾಕತ್ತು ಕೇಳಪ ಅಂತ ನಿನ್ನೆ ಅಮರೇಶಗ ಫೋನ್ ಹಿಡಿದು ಕೇಳ್ಸೀನಿ. ನಾಳೆ ಹಿಂಗ ಸುಮ್ಕ ಹೋಗಿ ನಿಂತ್ರ, ಪೂರಾ ಸಿರುಗುಪ್ಪದಾಗ ನನ್ನ ಮರ್ಯಾದಿ ಏನಾಗಬೇಕು? ತೆಗಿ ಆ ಪಟ್ಟಿ!

(ಹುಲಿಗೇಶ್ ಪಾನಾ ಹಿಡಿದು ಗಂಗೋತ್ರಿಯ ಮುಖ ನೋಡಿದ. ಅವಳು ಆಗಲೇ ಜೀಪು ಹತ್ತಿ ಕುಳಿತಿದ್ದಳು.)

ಗಂಗೋತ್ರಿ: ಬರ್ರಿ, ಹತ್ರಿ. ನಾಳೆ ಸಿರುಗುಪ್ಪದಾಗ ಟಕಟಕ ಬದ್ಲಿ ನೀವು ಮಾತಾಡ್ಕೋತ ಕುಂದ್ರಿ, ಒಳಗ ಏನೋ ಸಡ್ಲ ಆಗೈತಿ ಅಂತ ಎಲ್ಲರಿಗೂ ತಿಳೀತೈತಿ.