ನಾಲ್ಕನೆಯ ಕಾಲು

ಎಲ್ಲಕ್ಕೂ ಕಾರಣ ಒಂದು ಕುರ್ಚಿಯ ಕಾಲು. ಎರಡು ವರ್ಷದಿಂದ ಅದು ಬಡಗಿಯ ಅಂಗಡಿಯಲ್ಲಿ, ಗಾಳಿಗೆ ಬಾಗಿಲು ಹೊಡೆದುಕೊಳ್ಳದಂತೆ ಅಡ್ಡ ಬಿದ್ದುಕೊಂಡಿತ್ತು.

ಬಡಗಿಯನ್ನು ಬೀದಿಯವರು ಕರೆಯುತ್ತಿದ್ದುದು 'ನಾಳೆ ಮೇಸ್ತ್ರಿ' ಎಂದು. ಕೈಯಲ್ಲಿ ಕಸುಬಿತ್ತು, ಸೋಮಾರಿಯೂ ಅಲ್ಲ. ಯಾರು ಕೇಳಿದರೂ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ. ಹಾಗಾಗಿ ಊರಿನ ಅರ್ಧ ಮನೆಗಳಲ್ಲಿ ಕದವಿಲ್ಲದ ಕಪಾಟು, ಹಿಡಿಯಿಲ್ಲದ ಡ್ರಾಯರು.

ಈಗ ಶಾಲೆಯ ನಲವತ್ತು ಬೆಂಚುಗಳ ಕೆಲಸ ಬಂದಿತ್ತು. ಹೆಡ್‌ಮಿಸ್ ಒಂದೇ ಷರತ್ತು ಹಾಕಿದ್ದರು: "ಯಾರಾದ್ರೂ ಒಬ್ಬ ಹಳೇ ಗಿರಾಕಿ ನಿಮ್ಮ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದುಕೊಡ್ಲಿ. ಇವತ್ತು ಸಂಜೆ ಐದರೊಳಗೆ ತನ್ನಿ."

"ಆ ನಿವೃತ್ತ ನರ್ಸಮ್ಮ ಸಾಧು ಹೆಂಗಸು," ಎಂದಳು ಹೆಂಡತಿ, ಕಾಲನ್ನು ಗಂಡನ ಕೈಗೆ ತುರುಕುತ್ತಾ. "ಅವರ ಕುರ್ಚಿಗೆ ಇದನ್ನ ಕೂರಿಸಿ ಬರೆಸ್ಕೊಂಡ್ಬನ್ನಿ. ಈ ಕೆಲಸ ತಪ್ಪಿದ್ರೆ ಅಂಗಡಿ ಮುಚ್ಚೋದೇ. ಆಮೇಲೆ ಬಾಗಿಲಿಗೆ ಅಡ್ಡ ಇಡೋಕೂ ಏನೂ ಬೇಕಾಗಲ್ಲ."

ಪಕ್ಕದ ಅಂಗಡಿಯ ದರ್ಜಿ ಹೊಲಿಗೆ ಬಿಟ್ಟು ಎದ್ದ. "ನಾನೂ ಬರ್ತೀನಿ. ನೀನು ಒಂದು ಕೆಲಸ ಮುಗಿಸಿದೆ ಅಂದ್ರೆ ಸಾಕ್ಷಿ ಇಲ್ದೆ ಯಾರು ನಂಬ್ತಾರೆ?"

ನರ್ಸಮ್ಮನ ಮನೆಗೆ ಬೀಗ. ಆಕೆ ಆಧುನಿಕ ಕಲಾ ಮ್ಯೂಸಿಯಂಗೆ ಹೋಗಿದ್ದಾರೆಂದು ಎದುರುಮನೆಯಾಕೆ ಹೇಳಿದಳು. ಇಬ್ಬರೂ ಅಲ್ಲಿಗೆ ಓಡಿದರು. ಬಾಗಿಲಲ್ಲಿದ್ದ ಗಾರ್ಡ್ ಹೆಂಗಸು ಕಾಲನ್ನು ಮೇಲಿಂದ ಕೆಳಗೆ ನೋಡಿದಳು.

"ಏನಿದು?"

"ಕಾಲು ಕಣಮ್ಮ. ಒಂದೇ ಇರೋದು."

"ಕಲಾವಿದರು ಅಂತ ಮುಂಚೆನೇ ಹೇಳಬಾರದಾ? ಬನ್ನಿ, ಬನ್ನಿ. ಶಿಲ್ಪದ ತೋಟ ಹಿಂದಿದೆ."

ತೋಟಕ್ಕೆ ಕಾಲಿಟ್ಟ ಬಡಗಿ ಬೆರಗಾದ. ಎಲ್ಲಿಗೂ ಹೋಗದ ಮೆಟ್ಟಿಲು, ಗೋಡೆಯೇ ಇಲ್ಲದ ಕಿಟಕಿ, ತಲೆಯಿಲ್ಲದ ಕಲ್ಲಿನ ಹೆಂಗಸು. ಬಹಳ ದಿನದ ಮೇಲೆ ಅವನ ಮನಸ್ಸು ಹಗುರಾಯಿತು.

"ದರ್ಜಿ, ಇಲ್ಲಿ ಒಂದಾದ್ರೂ ಪೂರ್ತಿ ಆಗಿದ್ಯೇನೋ?"

"ಇವರ ಮೇಸ್ತ್ರಿಗಳೂ ನಾಳೆ ಬರ್ತೀವಿ ಅಂದಿರ್ಬೇಕು."

ಆಗ ಕಂಡಿತು, ಮರದ ಕೆಳಗೆ ಅವನದೇ ಕುರ್ಚಿ. ಮೂರು ಕಾಲು, ನಾಲ್ಕನೆಯದರ ಜಾಗದಲ್ಲಿ ಹಳೇ ಕ್ಯಾಲೆಂಡರುಗಳ ಕಟ್ಟು. ಬಡಗಿ ಅಂದುಕೊಂಡ: ಪಾಪ, ಕೂರಲಾಗದೆ ಕುರ್ಚಿಯನ್ನೇ ತಂದು ಇಲ್ಲಿ ಬಿಸಾಕಿದ್ದಾರೆ!

"ನೋಡ್ತಾ ನಿಂತ್ಯಲ್ಲ, ಹಾಕು ಬೇಗ," ಎಂದ ದರ್ಜಿ. ಕ್ಯಾಲೆಂಡರುಗಳನ್ನು ತಾನೇ ಎಳೆದು ಹುಲ್ಲಿನ ಮೇಲೆಸೆದ.

ಬಡಗಿ ಮಂಡಿಯೂರಿ ಕಾಲನ್ನು ಕುರ್ಚಿಯಡಿಯ ತೂತಿಗೆ ಕೂರಿಸಿ ಅಂಗೈಯಿಂದ ಎರಡು ಗುದ್ದು ಹಾಕಿದ. ಕೂದಲು ತೂರದಷ್ಟು ಬಿಗಿಯಾಗಿ ಕೂತಿತು. ಕುರ್ಚಿ ಅಲ್ಲಾಡಲಿಲ್ಲ. ಅಲ್ಲಾಡಿದ್ದು ಬಡಗಿಯೇ, ಹಿಂದೆ ಗಾರ್ಡ್ ಊದಿದ ಸೀಟಿಗೆ.

ಜನ ಸೇರಿದರು. ಮ್ಯೂಸಿಯಂ ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಓಡಿಬಂದರು. "ಅಯ್ಯೋ, ಹಾಳು ಮಾಡಿಬಿಟ್ರಲ್ರೀ!"

"ಹಾಳು ಮಾಡಿಲ್ಲ ಸ್ವಾಮಿ, ಸರಿ ಮಾಡಿದೀನಿ!"

"ಅದೇ ರೀ ಹಾಳು ಮಾಡೋದು!"

ಗುಂಪು ಸೀಳಿಕೊಂಡು ನರ್ಸಮ್ಮ ಬಂದರು. ಇಂದು ತನ್ನ ಜನ್ಮ ಜಾಲಾಡುತ್ತಾರೆಂದು ಬಡಗಿ ಕಣ್ಣು ಮುಚ್ಚಿಕೊಂಡ. ಆಕೆ ಅವನ ಎರಡೂ ಕೈ ಹಿಡಿದುಕೊಂಡರು.

"ಮೇಸ್ತ್ರಿ! ನಿಮ್ಮನ್ನ ಎಷ್ಟು ನೆನೆಸ್ಕೋತೀನಿ ಗೊತ್ತಾ? ನಿಮ್ಮ ಉಪಕಾರ ಈ ಜನ್ಮದಲ್ಲಿ ತೀರಿಸೋಕಾಗಲ್ಲ."

ಬಡಗಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಮೂವತ್ತು ವರ್ಷದ ಕಸುಬಿನಲ್ಲಿ ಯಾರೂ ಅವನಿಗೆ ಇಂಥ ಮಾತು ಹೇಳಿರಲಿಲ್ಲ. ನಿರ್ದೇಶಕರು ಹಟ ಹಿಡಿದದ್ದರಿಂದ, ಮುಗಿಸಿದ ಆ ಒಂದು ಕೆಲಸವನ್ನೂ ತನ್ನ ಕೈಯಾರೆ ಬಿಚ್ಚಿದ. ಆಮೇಲೆ ಬೆಂಚಿನ ವಿಷಯ ಹೇಳಿಕೊಂಡ. "ನಾಲ್ಕು ಒಳ್ಳೆ ಮಾತು ಸಾಕಮ್ಮ."

"ನಾಲ್ಕೇ?" ನರ್ಸಮ್ಮ ಕೂತು ಎರಡು ಪುಟ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಕೊಟ್ಟರು.

ಐದಕ್ಕೆ ಐದು ನಿಮಿಷವಿದ್ದಾಗ ಬಡಗಿ ಏದುಸಿರು ಬಿಡುತ್ತಾ ಶಾಲೆ ಸೇರಿದ. ಹೆಡ್‌ಮಿಸ್ ಲಕೋಟೆ ಒಡೆದು ಗಟ್ಟಿಯಾಗಿ ಓದಿದರು.

"ಇಂಥ ಮೇಸ್ತ್ರಿ ಸಿಕ್ಕಿದ್ದು ನನ್ನ ಪುಣ್ಯ. ನಿವೃತ್ತಿಯಾದ ಮೇಲೆ ನನ್ನ ಮನೆಗೆ ಬರುವವರೇ ಇರಲಿಲ್ಲ. ಇವರು ಕುರ್ಚಿ ಕೊಟ್ಟು, ನಾಲ್ಕನೆಯ ಕಾಲನ್ನು ನಾಳೆ ತರುತ್ತೇನೆ ಎಂದರು. ಆ ನಾಳೆಗಾಗಿ ಬೆಳಿಗ್ಗೆ ಎದ್ದು ಮನೆ ಗುಡಿಸಿದೆ. ಕಾಯುತ್ತಾ ಕೂತಾಗ ಕೈ ಸುಮ್ಮನಿರದೆ ಚಿತ್ರ ಬರೆದೆ, ಮಣ್ಣಿನ ಗೊಂಬೆ ಮಾಡಿದೆ. ಹೀಗೆ ಏಳುನೂರು ನಾಳೆಗಳು. ಈಗ ಆ ಕುರ್ಚಿಯೇ 'ನಾಳೆ ಬರ್ತೀನಿ' ಎಂಬ ನನ್ನ ಕಲಾಕೃತಿಯಾಗಿ ಮ್ಯೂಸಿಯಂನಲ್ಲಿದೆ, ನನ್ನನ್ನು ಕಲಾವಿದೆ ಎನ್ನುತ್ತಾರೆ. ಇವರು ಹೇಳಿದ ದಿನವೇ ಬಂದಿದ್ದರೆ ನಾನು ಇಂದಿಗೂ ಆ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದೆ."

ಹೆಡ್‌ಮಿಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇಷ್ಟು ಒಳ್ಳೆ ಪತ್ರ ನಾನು ಓದೇ ಇಲ್ಲ ಮೇಸ್ತ್ರಿ. ಆದರೆ ಏನ್ಮಾಡ್ಲಿ, ನಮ್ಮ ಮಕ್ಕಳು ಕೂತ್ಕೋಬೇಕಲ್ಲ."

ಬಡಗಿ ಕಾಲನ್ನೂ ಪತ್ರವನ್ನೂ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. ಹೆಂಡತಿ ಬೈಯಲು ಎದ್ದವಳು, ಪತ್ರ ಓದಿ ಮೆತ್ತಗಾದಳು. ಎರಡನೆಯ ಸಲ ಓದಿದಳು. ಕಣ್ಣಂಚು ಒದ್ದೆಯಾಯಿತು.

"ಕೆಲಸ ಹೋದ್ರೆ ಹೋಗ್ಲಿ ಬಿಡಿ. ಯಾರೋ ಒಬ್ರಾದ್ರೂ ನಿಮ್ಮನ್ನ ಇಷ್ಟು ನೆನೆಸ್ಕೊಂಡ್ರಲ್ಲ. ಇದಕ್ಕೊಂದು ಚೆಂದದ ಮರದ ಫ್ರೇಮ್ ಮಾಡಿ ಗೋಡೆಗೆ ಹಾಕ್ರೀ."

ಬಡಗಿ ತುಂಬಿದ ಮನಸ್ಸಿನಿಂದ ಪತ್ರವನ್ನು ಸವರಿದ.

"ನಾಳೆ ಮಾಡ್ತೀನಿ ಕಣೇ," ಎಂದ.