ಕ್ಯಾಲೆಂಡರಿನಲ್ಲಿ ಕೋಟೆ ಹತ್ತಿದ ಅಕ್ಕ

ತೀರ್ಥಹಳ್ಳಿ, ಜುಲೈ ೧೯೬೭

ಕೀಲುನೋವನ್ನು ಭೂಮಂಡಲದಿಂದಲೇ ಓಡಿಸಲು ಪಣ ತೊಟ್ಟಿರುವ ‘ನೋವಾರಿ’ ಮಾತ್ರೆ ಕಂಪನಿಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ, ತೀರ್ಥಹಳ್ಳಿ ಪೇಟೆಯಲ್ಲಿ ಹೊಲಿಗೆ ಮಿಷನ್ನು ತುಳಿದು ಬದುಕುವ ಧರ್ಮಪ್ಪನು ದೂರದಿಂದಲೇ ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಈ ವರ್ಷದ ಬಣ್ಣದ ಕ್ಯಾಲೆಂಡರು ಸಾಗರದಿಂದ ಹೊಸನಗರದವರೆಗೆ ಕಿರಾಣಿ ಅಂಗಡಿ, ಕಾಫಿ ಹೋಟೆಲು, ಕ್ಷೌರದಂಗಡಿ ಎನ್ನದೆ ಎಲ್ಲ ಗೋಡೆಗಳನ್ನೂ ಬೆಳಗುತ್ತಿದೆ. ಅದರಲ್ಲಿ ಕವಲೇದುರ್ಗದ ಕೋಟೆಬಾಗಿಲ ಮುಂದೆ, ಸೊಂಟಕ್ಕೆ ಕೈಕೊಟ್ಟು, ಶತ್ರುಸೈನ್ಯವನ್ನು ಈಗಷ್ಟೇ ಅಟ್ಟಿ ಬಂದವಳಂತೆ ನಗುತ್ತ ನಿಂತಿರುವ ಹೆಂಗಸು ನನ್ನ ಅಕ್ಕ ಗುತ್ಯಮ್ಮ. ಚಿತ್ರದ ಕೆಳಗೆ ‘ನಿನ್ನೆ ಹಾಸಿಗೆ, ಇಂದು ಕೋಟೆ!’ ಎಂದು ಅಚ್ಚು ಹಾಕಿಸಿದ್ದೀರಿ. ನಾಳೆ ಎಲ್ಲಿ ಎಂಬುದನ್ನು ಬರೆಯಲು ತಮಗೆ ಜಾಗ ಸಾಲದೆ ಹೋದಂತಿದೆ. ಆ ಕೊರತೆಯನ್ನು ತುಂಬಿಕೊಡಲೆಂದೇ ಈ ಬಹಿರಂಗ ಪತ್ರ.

ಅಕ್ಕ ಆ ಕೋಟೆಯ ಬುಡದ ಹಳ್ಳಿಯವಳು. ಭಾವ ತೀರಿಕೊಂಡ ಮೇಲೆ ಗೇಣಿಗೆ ಹಿಡಿದ ಗದ್ದೆಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟೂ ನೆಟ್ಟೂ ಅವಳ ಮಂಡಿಗಳೆರಡೂ ಊದಿ, ಬೆಳಿಗ್ಗೆ ಎದ್ದು ನಿಲ್ಲಲು ಕಂಬ ಹಿಡಿಯಬೇಕಾಗುತ್ತಿತ್ತು. ಹೋದ ವರ್ಷ ನಾಟಿಯ ಹೊತ್ತಿಗೆ, ಗದ್ದೆ ಬೀಳುಬಿದ್ದರೆ ಒಡೆಯರು ಬೇರೆಯವರಿಗೆ ಕೊಟ್ಟುಬಿಡುತ್ತಾರೆಂದು ಅವಳು ಹೆದರಿ ಕೂತಿದ್ದಾಗ, ತಮ್ಮ ಏಜೆಂಟರಾದ ಮುಕುಂದಯ್ಯನವರು ಚರ್ಮದ ಪೆಟ್ಟಿಗೆ ಹಿಡಿದು ದೇವದೂತರಂತೆ ಅಂಗಳಕ್ಕೆ ಬಂದರು. “ಬೆಳಿಗ್ಗೆ ಎದ್ದಕೂಡ್ಲೆ ಒಂದು, ಸಂಜೆಗೊಂದು ನುಂಗಿ. ಹಾಲಿದ್ದ ಹಾಗೆ ಅಮ್ಮ, ಏನೂ ಮಾಡಲ್ಲ” ಎಂದರು.

ಸತ್ಯ ಮುಚ್ಚಿಡುವ ವಿದ್ಯೆಯಲ್ಲಿ ನಾವು ತಮ್ಮಷ್ಟು ಪಳಗಿಲ್ಲವಾದ್ದರಿಂದ ಮೊದಲು ಹೊಗಳಿಬಿಡುತ್ತೇನೆ: ಮಾತ್ರೆ ಕೆಲಸ ಮಾಡಿತು. ಊತ ಇಳಿಯಿತು, ಅಕ್ಕ ಕಂಬ ಬಿಟ್ಟಳು, ಗದ್ದೆಗಿಳಿದು ಆಳುಗಳ ಸಮಕ್ಕೆ ನಾಟಿ ಮಾಡಿದಳು. “ಧರ್ಮಾ, ನಂಗೆ ಮಂಡಿ ಇದೆ ಅನ್ನೋದೇ ಮರ್ತುಹೋಯ್ತು ಕಣೋ” ಎಂದು ಮಗುವಿನಂತೆ ನಕ್ಕಳು. ಮಳೆ ಬಿಟ್ಟು ಹೊಳವಾದ ಮೇಲೆ ಮುಕುಂದಯ್ಯನವರು ಫೋಟೋದವನನ್ನು ಕರೆತಂದು ಅವಳನ್ನು ಕೋಟೆ ಹತ್ತಿಸಿದರು. ಅದಕ್ಕೆಂದೇ ಅವಳು ನನ್ನ ಕೈಯಲ್ಲಿ ಹೊಸ ಕುಪ್ಪಸ ಹೊಲಿಸಿಕೊಂಡಿದ್ದಳು. ಆ ನಗು ಕೃತಕವಲ್ಲ ಸ್ವಾಮಿ. ತಮ್ಮ ಕ್ಯಾಲೆಂಡರಿನಲ್ಲಿ ನಿಜವಾದದ್ದು ಅದೊಂದೇ.

ಆಮೇಲೆ ಹೊಟ್ಟೆ ಉರಿಯತೊಡಗಿತು. ಏಜೆಂಟರನ್ನು ಕೇಳಿದರೆ “ಅದು ಮೆಣಸಿನಕಾಯಿ ಉರಿ” ಎಂದರು. ಅಕ್ಕ ಖಾರ ಬಿಟ್ಟು ಗಂಜಿಗಿಳಿದಳು. ಮಾತ್ರೆಯನ್ನು ಮಾತ್ರ ಬಿಡಲಿಲ್ಲ, ಬರಿಹೊಟ್ಟೆಗೆ ಕಪ್ಪು ಕಾಫಿಯ ಜೊತೆ ನಿಷ್ಠೆಯಿಂದ ನುಂಗಿದಳು. ಮುಖ ಊದಿಕೊಂಡಿತು, ನೆಂಟರು ಮೈ ತುಂಬಿಕೊಂಡಿದ್ದಾಳೆಂದು ಸಂತೋಷಪಟ್ಟರು. ಸಂಕ್ರಾಂತಿ ಕಳೆದ ಮೇಲೆ, ಕಕ್ಕಸು ಡಾಂಬರಿನಂತೆ ಕಪ್ಪಗಾಗುತ್ತಿದೆ ಎಂದು ಅಕ್ಕ ನಾಚಿಕೊಂಡು ನನ್ನ ಹೆಂಡತಿ ವನಮಾಲಾಳ ಕಿವಿಯಲ್ಲಿ ಹೇಳಿದಾಗಲೇ ನಮಗೆ ದಿಗಿಲಾದದ್ದು. ಕೂಡಲೇ ಅವಳನ್ನು ಪೇಟೆಯ ಒಬ್ಬ ಡಾಕ್ಟರ ಶಾಪಿಗೆ ಕರೆದೊಯ್ದೆ.

ಡಾಕ್ಟರು ಹೊರಗೆ ಹೋಗಿದ್ದರು. ಬೆಂಚಿನ ಮೇಲೆ ಮುದುಡಿ ಕೂತು ನರಳುತ್ತಿದ್ದ ಅಕ್ಕನನ್ನು ಕಂಡು ಕಾಂಪೌಂಡರರಿಗೆ ಬೇಸರ ಬಂತು. ಅವಳ ತಲೆಯ ಮೇಲಿನ ಗೋಡೆಗೆ ಕೈತೋರಿಸಿ, “ಆ ಹೆಂಗಸನ್ನ ನೋಡಿ ಸ್ವಲ್ಪ ಕಲೀರಮ್ಮ. ನಿಮಗಿಂತ ದೊಡ್ಡೋಳಿರ್ಬೇಕು. ಮಾತ್ರೆ ನುಂಗಿ ಕೋಟೆ ಹತ್ತಿದಾಳೆ. ನೀವು ಬೆಂಚು ಹತ್ತೋಕೆ ಇಷ್ಟು ನರಳ್ತೀರಿ!” ಎಂದು ಉಪದೇಶ ಮಾಡಿದರು.

ಅಕ್ಕ ಕತ್ತೆತ್ತಿ ತನ್ನ ಚಿತ್ರವನ್ನು ನೋಡಿದಳು. “ಅದು ನಾನೇ ಕಣಪ್ಪ” ಎಂದಳು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಮುಗಿಯುವ ಮೊದಲೇ ಅಕ್ಕ ಅಲ್ಲಿಯೇ ನೆಲದ ಮೇಲೆ ರಕ್ತ ಕಾರಿದಳು.

ಬಾಡಿಗೆ ಕಾರಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದವರೆಗೆ ಹೋದ ಆ ದಾರಿಯನ್ನು ತಮಗೆ ವರ್ಣಿಸುವುದಿಲ್ಲ. ತಮ್ಮ ಜಾಹೀರಾತಿನ ಸಂತೋಷಕ್ಕೆ ಭಂಗ ಬಂದೀತು. ಆಸ್ಪತ್ರೆಯವರು ರಕ್ತ ಏರಿಸಿ ಅವಳನ್ನು ಉಳಿಸಿಕೊಟ್ಟರು. “ಈ ಮಾತ್ರೆ ನೋವನ್ನ ಅಡಗಿಸ್ತದೆ, ಸವೆದ ಮಂಡೀನ ಸರಿ ಮಾಡಲ್ಲ. ಬರಿಹೊಟ್ಟೆಗೆ ತಿಂಗಳುಗಟ್ಲೆ ನುಂಗಿದ್ದಕ್ಕೆ ಒಳಗೆ ಹುಣ್ಣಾಗಿದೆ” ಎಂದು ಅಲ್ಲಿನ ಡಾಕ್ಟರು ಹೇಳಿದರು. ನೋವು ತಿಳಿಯದೆ ದುಡಿದದ್ದಕ್ಕೆ ಮಂಡಿಗಳು ಮೊದಲಿಗಿಂತ ಕೆಟ್ಟಿದ್ದವು. ಯುಗಾದಿಯ ನಂತರ ಒಡೆಯರು ಗದ್ದೆಯನ್ನು ಬೇರೆಯವರಿಗೆ ಕೊಟ್ಟರು. ಈಗ ಅಲ್ಲಿ ನಾಟಿ ನಡೆಯುತ್ತಿದೆ. ಅಕ್ಕ ನನ್ನ ಅಂಗಡಿಯ ಮೂಲೆಯಲ್ಲಿ ಕಾಲು ಚಾಚಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಾಳೆ.

ಇದನ್ನೆಲ್ಲ ನಾನು ಹಿಂದೆಯೇ ತಮಗೆ ಅರಿಕೆ ಮಾಡಿಕೊಂಡಿದ್ದೆ. ‘ನಮ್ಮ ಮಾಹಿತಿಯಂತೆ ಚಿತ್ರದಲ್ಲಿರುವ ಮಹಿಳೆಯು ಸಂಪೂರ್ಣ ಆರೋಗ್ಯದಿಂದ ಇರುತ್ತಾರೆ’ ಎಂದು ಉತ್ತರಿಸಿ, ಜೊತೆಗೆ ಒಂದು ಡಬ್ಬಿ ಮಾತ್ರೆಯನ್ನು ಉಡುಗೊರೆಯಾಗಿ ಕಳಿಸಿದಿರಿ. ತಮ್ಮ ಔದಾರ್ಯಕ್ಕೆ ಏನೆನ್ನಲಿ! ಸಂಪೂರ್ಣ ಆರೋಗ್ಯದಿಂದಿರುವ ಆ ಗುತ್ಯಮ್ಮ ತಮ್ಮಲ್ಲಿರುವುದು ನಿಜವಾದರೆ, ದಯಮಾಡಿ ಅವಳನ್ನು ಕೋಟೆಯಿಂದ ಇಳಿಸಿ ನಮಗೆ ಕಳಿಸಿಕೊಡಿ, ಹೋದ ಗದ್ದೆಯನ್ನು ಒಡೆಯರ ಬಳಿ ಅವಳೇ ಕೇಳಿಕೊಳ್ಳಲಿ. ಬದಲಿಗೆ ನಮ್ಮಲ್ಲಿರುವವಳನ್ನು ತಾವು ಕರೆಸಿಕೊಂಡು, ತಮ್ಮ ಕುರ್ಚಿಯ ಎದುರಿಗೇ ಕೂರಿಸಿಕೊಂಡು, ಅವಳು ಏಳುವಾಗಲೆಲ್ಲ ಕೈಕೊಟ್ಟು ಎಬ್ಬಿಸುವ ಭಾಗ್ಯ ಪಡೆಯಬೇಕು. ಅದಾಗದಿದ್ದರೆ, ಡಬ್ಬಿಯ ಮೇಲೆ ‘ಜಿಗಿಯಿರಿ’ ಎಂದು ಬರೆಸಿದಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ‘ರಕ್ತ ಕಾರಬಹುದು’ ಎಂದೂ ಬರೆಸಿರಿ. ಚಿತ್ರದ ಗುರುತು ಹಿಡಿದು ಅಂಗಡಿಗೆ ಬರುವ ಮಂಡಿನೋವಿನವರಿಗೆಲ್ಲ ಅಕ್ಕನೇ ಈಗ “ಡಾಕ್ಟ್ರನ್ನ ಕೇಳ್ದೆ ನುಂಗ್ಬೇಡಿ. ನುಂಗಿದ್ರೂ ಉಂಡು ನುಂಗಿ. ಹೊಟ್ಟೆ ಉರಿದ್ರೆ ಅವತ್ತೇ ಬಿಟ್ಟು ಆಸ್ಪತ್ರೆಗೆ ಓಡಿ” ಎಂದು ಹೇಳುತ್ತಾಳೆ. ತಮ್ಮ ಕಂಪನಿ ಮಾಡಬೇಕಾದ ಈ ಕೆಲಸವನ್ನು ಅವಳು ಗುಂಡಿ ಹೊಲಿಯುತ್ತಲೇ ಮಾಡಿ ಮುಗಿಸುತ್ತಿರುವುದರಿಂದ ತಾವು ಚಿಂತೆ ಬಿಟ್ಟು ಮುಂದಿನ ವರ್ಷದ ಚಿತ್ರಕ್ಕೆ ಹೊಸ ಮಂಡಿಯನ್ನು ಹುಡುಕಬಹುದು.

ತಮ್ಮ ಮಾತ್ರೆಯ ಮೇಲಿಲ್ಲದಿದ್ದರೂ ಅಂಚೆಯ ಮೇಲೆ ನಂಬಿಕೆ ಇಟ್ಟಿರುವ,
ತಮ್ಮ ವಿಶ್ವಾಸಿ,
ಧರ್ಮಪ್ಪ, ದರ್ಜಿ

ಮರೆತ ಮಾತು: ಕಳೆದ ವಾರ ಏಜೆಂಟ್ ಮುಕುಂದಯ್ಯನವರು ಮಳೆಗೆ ಸಿಕ್ಕಿ ನನ್ನ ಅಂಗಡಿಯ ಜಗಲಿ ಹತ್ತಿದರು. ಹತ್ತುವಾಗ ಕುಂಟುತ್ತಿದ್ದರು. “ನಿಮ್ಗೂ ಮಂಡಿನೋವಾ? ಪೆಟ್ಟಿಗೇಲಿರೋದನ್ನ ನುಂಗಬಾರ್ದಾ?” ಎಂದು ಅಕ್ಕ ಕೇಳಿದಳು. “ಅಯ್ಯೋ, ನಂಗೆ ಅದು ಹೊಟ್ಟೆಗೆ ಆಗಲ್ಲಮ್ಮ” ಎಂದು ಅವರು ಥಟ್ಟನೆ ಹೇಳಿ, ಹೇಳಿದ ಮೇಲೆ ಅವಳ ಮುಖ ನೋಡಿ ಪೆಟ್ಟಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡರು. ಅಕ್ಕ ವನಮಾಲಾಳನ್ನು ಕೂಗಿ, ಅವರ ಮಂಡಿಗೆ ಶಾಖ ಕೊಡಲು ಬಿಸಿನೀರು ತರಿಸಿದಳು.