ಒಂದು ಜೋಕಿಗೆ ಒಂದೇ ಮಿಠಾಯಿ

ಅಕ್ಟೋಬರ್ ಮೂವತ್ತೊಂದರ ಮಧ್ಯಾಹ್ನ ನಾರ್ಬರ್ಟ್ ಬ್ರಕರ್ ಅಡುಗೆಮನೆಯ ಮೇಜಿನ ಬಳಿ ನಿಂತು, ಮಿಠಾಯಿ ಪೊಟ್ಟಣಗಳ ಬಾಯಿ ಕತ್ತರಿಸಿ, ಟರ್ಕಿ ಕೋಳಿ ಬೇಯಿಸುವ ದೊಡ್ಡ ನೀಲಿ ಪಾತ್ರೆಗೆ ಸುರಿಯುತ್ತಿದ್ದ. ಸುರಿದದ್ದನ್ನು ಕೈಯಿಂದ ಸಮ ಮಾಡಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮತ್ತೆ ಹತ್ತಿರ ಬಂದು, ಚಾಕೊಲೇಟನ್ನೆಲ್ಲ ತಳಕ್ಕೆ ತಳ್ಳಿ, ಯಾರಿಗೂ ಬೇಡದ ಕಿತ್ತಳೆ ಬಣ್ಣದ ಅಂಟುಮಿಠಾಯಿಗಳನ್ನು ಮೇಲಕ್ಕೆ ತಂದ.

ಒಲೆಯ ಮೇಲೆ ಮಾಂಸ, ರಾಜ್ಮಾ ಹಾಕಿದ ಖಾರದ ಚಿಲ್ಲಿ ಕುದಿಯುತ್ತಿತ್ತು. ಅದನ್ನು ತಿರುವುತ್ತಿದ್ದ ಹೆಂಡತಿ ಲೊರೇನ್ ಹಿಂದಕ್ಕೆ ತಿರುಗದೆಯೇ ಹೇಳಿದಳು:

"ತಳಕ್ಕೆ ತಳ್ಳಿದ್ರೆ ಮಕ್ಕಳಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ದೀಯಾ? ಮೊಣಕೈ ತನಕ ಕೈ ಹಾಕ್ತವೆ."

"ಈ ಸಲ ಹಾಕಲ್ಲ. ಈ ಸಲ ಕೊಡೋನು ನಾನು, ಇಸ್ಕೊಳ್ಳೋರು ಅವರು."

"ಹೋದ ವರ್ಷಾನೂ ಹಿಂಗೇ ಅಂದಿದ್ದೆ."

ನಾರ್ಬರ್ಟ್ ಇನ್ನೊಂದು ಪೊಟ್ಟಣದ ಬಾಯಿ ಕತ್ತರಿಸಿದ. ಹೋದ ವರ್ಷದ ಹ್ಯಾಲೋವೀನ್, ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿ ಬರುವ ಆ ಸಂಜೆ, ಬ್ರಕರ್ ಮನೆತನದ ಇತಿಹಾಸದಲ್ಲೊಂದು ಕರಾಳ ಅಧ್ಯಾಯ. ಇನ್ನೂ ಏಳು ಗಂಟೆ ಆಗಿರಲಿಲ್ಲ, ಪಾತ್ರೆ ಬರಿದು. ಮಕ್ಕಳು ಗುಂಪು ಗುಂಪಾಗಿ ಬಂದು ಮುಷ್ಟಿ ಮುಷ್ಟಿ ಬಾಚಿದ್ದರು. ಮೀಸೆ ಮೂಡಿದ ಇಬ್ಬರು ಹುಡುಗರು ವೇಷವೇ ಇಲ್ಲದೆ ದಿಂಬಿನ ಚೀಲ ಹಿಡಿದು ಬಂದಿದ್ದರು. ಇದೇನು ವೇಷ ಎಂದು ಕೇಳಿದರೆ, "ನಮ್ಮ ಅಣ್ಣಂದಿರ ವೇಷ" ಎಂದಿದ್ದರು. ಕೊನೆಗೆ ನಾರ್ಬರ್ಟ್ ಹೊರಗಿನ ದೀಪ ಆರಿಸಿ ಸೋಫಾದ ಹಿಂದೆ ಅಡಗಿ ಕೂತ. (ದೀಪ ಉರಿಯುವ ಮನೆಗೆ ಮಾತ್ರ ಮಕ್ಕಳು ಹೋಗುತ್ತವೆ. ದೀಪ ಆರಿತೆಂದರೆ ಒಳಗೆ ಯಾರೂ ಬದುಕಿಲ್ಲವೆಂದೇ ಬೀದಿಯ ಲೆಕ್ಕ.) ಆದರೂ ಬಾಗಿಲು ತಟ್ಟಿದ ಒಂದು ಪುಟಾಣಿ ಜೇನುಹುಳಕ್ಕೆ ಲೊರೇನ್ ಕಪಾಟಿನಿಂದ ಒಂದು ಡಬ್ಬಿ ಮೆಕ್ಕೆಜೋಳ ತೆಗೆದು ಕೊಟ್ಟು ಕಳಿಸಿದ್ದಳು. ಆ ಜೇನುಹುಳದ ತಾಯಿ ಈಗಲೂ ಚರ್ಚಿನಲ್ಲಿ ಎದುರಾದರೆ, "ಜೋಳ ಚೆನ್ನಾಗಿತ್ತು ಲೊರೇನ್" ಎನ್ನುತ್ತಾಳೆ.

"ನೆನಪಿದೆ ತಾನೆ?" ಲೊರೇನ್ ಸೌಟು ಎತ್ತಿ ತೋರಿಸಿದಳು. "ಎಂಟಕ್ಕೆ ಮುಂಚೆ ಪಾತ್ರೆ ಬರಿದಾದ್ರೆ, ಮುಂದಿನ ವರ್ಷ ಮೆಟ್ಟಿಲ ಮೇಲೆ ಮಿಠಾಯಿ ಹಂಚೋ ಕುರ್ಚೀಲಿ ಕೂರೋಳು ನಾನು. ನೀನು ಒಳಗೆ ಕೂತು ಟೀವಿ ನೋಡು."

ಮಾತು ಸಣ್ಣದು. ಪೆಟ್ಟು ದೊಡ್ಡದು. ನಾರ್ಬರ್ಟ್ ಅಂಚೆ ಇಲಾಖೆಯಿಂದ ನಿವೃತ್ತನಾದದ್ದು ಯಾರ ಗಮನಕ್ಕೂ ಬಂದಿರಲಿಲ್ಲ, ಅವನ ಗಮನಕ್ಕೂ ಅಷ್ಟಾಗಿ ಬಂದಿರಲಿಲ್ಲ. ಏಕೆಂದರೆ ವಾರದ ಕೊನೆಯಲ್ಲಿ ಅವನು ಚರ್ಚಿನ ಮಕ್ಕಳ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರ್ ಆಗಿದ್ದ. ದಕ್ಷಿಣ ಸೇಂಟ್ ಲೂಯಿಸ್‌ನ ಅರ್ಧ ಗಂಡಸರನ್ನು ಅವರ ಬಾಲ್ಯದಲ್ಲಿ ಔಟ್ ಕೊಟ್ಟು ಕಳಿಸಿದ ಹೆಬ್ಬೆರಳು ಅವನದು; ಬೇಸ್‌ಬಾಲ್‌ನಲ್ಲಿ ಔಟ್ ತೋರಿಸುವುದು ಹೆಬ್ಬೆರಳಿನಿಂದಲೇ. ಈ ವಸಂತದಲ್ಲಿ ಮಂಡಿಗಳು ಕೈಕೊಟ್ಟವು. (ಮಂಡಿ ಕೈಕೊಡುವುದು ವಿಚಿತ್ರವೆನಿಸಬಹುದು, ಅರವತ್ತೆಂಟಾದ ಮೇಲೆ ಎನಿಸುವುದಿಲ್ಲ.) ಈಗ ಬೀದಿಯ ಜನರೆಲ್ಲ ತಾವಾಗಿ ಬಂದು ಅವನ ಮುಂದೆ ಸಾಲು ನಿಂತು, ಅವನ ತೀರ್ಪಿಗೆ ಕಾಯುವ ಸಂಜೆ ಎಂದು ಉಳಿದಿರುವುದು ಇದೊಂದೇ. ಹಾಗಂತ ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಜವಾಬ್ದಾರಿ, ಏನು ಮಾಡೋದು" ಎನ್ನುತ್ತಿದ್ದ.

"ಈ ಸಲ ರೂಲ್ಸ್ ಇವೆ," ಎಂದ ಈಗ. "ಒಂದು ಜೋಕಿಗೆ ಒಂದು ಮಿಠಾಯಿ. ಒಬ್ಬರು ಹೇಳಿದ ಜೋಕು ಇನ್ನೊಬ್ಬರು ಹೇಳೋ ಹಾಗಿಲ್ಲ. ಮನೇಲಿರೋ ತಮ್ಮನಿಗೊಂದು, ತಂಗಿಗೊಂದು ಅನ್ನೋದು ನಡೆಯಲ್ಲ."

ಜೋಕು ಹೇಳುವುದು ಅವನ ಸೃಷ್ಟಿಯಲ್ಲ. ಬೇರೆ ಊರುಗಳಲ್ಲಿ ಮಕ್ಕಳು "ಕೊಡ್ತೀರೋ, ಕಾಡಿಸ್ಲೋ" ಎಂದು ಚೀಲ ಚಾಚಿದರೆ ಮುಗಿಯಿತು. ಸೇಂಟ್ ಲೂಯಿಸ್‌ನಲ್ಲಿ ಹಾಗಲ್ಲ, ಒಂದು ಜೋಕು ಹೇಳಿಯೇ ಇಸ್ಕೊಳ್ಳಬೇಕು. ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಜೋಕು ಹೇಗಿದ್ದರೂ ದೊಡ್ಡವರು ನಗುತ್ತಾರೆ, ಕೊಡುತ್ತಾರೆ. ಅದರ ಮೇಲೆ ಕಾನೂನು ಕೂರಿಸಿದ್ದು ಮಾತ್ರ ನಾರ್ಬರ್ಟ್.

"ಅವು ಮಕ್ಕಳು ಕಣೋ, ಕೋರ್ಟಿಗೆ ಬಂದಿರೋ ಕಕ್ಷಿದಾರರಲ್ಲ," ಎಂದಳು ಲೊರೇನ್.

"ರೂಲ್ಸ್ ಇದ್ರೆ ಎಲ್ರಿಗೂ ನ್ಯಾಯ ಸಿಗುತ್ತೆ."

"ಅಯ್ಯೋ, ಸಿಗಲಿ," ಎಂದು ಅವಳು ಚಿಲ್ಲಿಗೆ ಇನ್ನೊಂದಿಷ್ಟು ಖಾರ ಹಾಕಿದಳು.

ಕತ್ತಲಾಗುವ ಹೊತ್ತಿಗೆ ಇಟ್ಟಿಗೆ ಮನೆಯ ಮುಂದಿನ ಮೆಟ್ಟಿಲ ಮೇಲೆ ಮಡಿಸುವ ಕುರ್ಚಿ ಬಂತು, ಪಕ್ಕದಲ್ಲಿ ಕಬ್ಬಿಣದ ಅಗ್ಗಿಷ್ಟಿಕೆ ಹೊತ್ತಿತು, ಮೊಣಕಾಲ ಮೇಲೆ ನೀಲಿ ಪಾತ್ರೆ ಕೂತಿತು. ಮೊದಲು ಬಂದವನು ಒಬ್ಬ ಗಗನಯಾತ್ರಿ. ಮುಂದಿನ ಹಲ್ಲಿರಲಿಲ್ಲ.

"ಅಸ್ಥಿಪಂಜರ ಯಾಕೆ ಹೋಟ್ಲಿಗೆ ಹೋಗಲ್ಲ?"

"ಯಾಕಪ್ಪಾ?"

"ಅದಕ್ಕೆ ಹೊಟ್ಟೇನೇ ಇಲ್ವಲ್ಲ!"

ನಾರ್ಬರ್ಟ್ ಮನಸಾರೆ ನಕ್ಕು, ಒಂದು ಕಿತ್ತಳೆ ಅಂಟುಮಿಠಾಯಿ ಕೊಟ್ಟ. ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಹಿಂದೆಯೇ ಒಬ್ಬ ಕಡಲ್ಗಳ್ಳ ಮೆಟ್ಟಿಲೇರಿದ.

"ಅಸ್ಥಿಪಂಜರ ಯಾಕೆ ಹೋಟ್ಲಿಗೆ..."

"ಅದು ಆಗ್ಹೋಯ್ತು. ಬೇರೆ ಹೇಳು."

ಕಡಲ್ಗಳ್ಳ ಕಣ್ಣು ಪಿಳುಕಿಸಿದ. "ನಂಗೆ ಇದೊಂದೇ ಬರೋದು."

ನಾರ್ಬರ್ಟ್ ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ಬೀಸಿದ. ಔಟ್.

ಮೂರನೆಯವಳು ರಾಜಕುಮಾರಿ. ಅವಳದೂ ಅಸ್ಥಿಪಂಜರ. ನಾಲ್ಕನೆಯದು ಹಲ್ಲಿಯೋ ಡೈನೋಸಾರೋ ಸರಿಯಾಗಿ ಗೊತ್ತಾಗಲಿಲ್ಲ, ಅದೂ ಅದೇ ಅಸ್ಥಿಪಂಜರವನ್ನೇ ಹೊತ್ತು ತಂದಿತ್ತು. ಸಂಗತಿ ಏನೆಂದರೆ, ಬೀದಿಯ ತುದಿಯ ಶಾಲೆಯಲ್ಲಿ ಎರಡನೇ ತರಗತಿಯ ಟೀಚರ್, ಜೋಕು ಬರದ ಮಕ್ಕಳು ಪೇಚಿಗೆ ಸಿಕ್ಕದಿರಲಿ ಎಂದು ಇಡೀ ತರಗತಿಗೆ ಒಂದೇ ಜೋಕನ್ನು ಬಾಯಿಪಾಠ ಮಾಡಿಸಿದ್ದರು. ಮಕ್ಕಳು ಚೆನ್ನಾಗಿ ಕಲಿತಿದ್ದರು.

"ನಾರ್ಬರ್ಟ್, ಅವನಿಗೆ ಏಳು ವರ್ಷ!" ಕಾಲುದಾರಿಯಿಂದ ಕಡಲ್ಗಳ್ಳನ ಅಪ್ಪ ಕೂಗಿದ.

"ನಿನಗೂ ಏಳು ವರ್ಷ ಇದ್ದಾಗ ಔಟ್ ಕೊಟ್ಟಿದ್ದೆ, ಡೆನ್ನಿಸ್. ಬದುಕಿದ್ದೀಯಲ್ಲ?"

ಔಟಾದವರು ಮನೆಗೆ ಹೋಗಲಿಲ್ಲ. ಮೆಟ್ಟಿಲ ಕೆಳಗೆ ಹುಲ್ಲಿನ ಮೇಲೆ ಜೋಕಿಲ್ಲದವರದ್ದೇ ಒಂದು ಗುಂಪು ಬೆಳೆಯಿತು. ಕೆಲವರು ಅಪ್ಪಂದಿರ ಕಿವಿ ಕಚ್ಚುತ್ತಿದ್ದರು. ಒಬ್ಬಳು ಅಳುವ ಸಿದ್ಧತೆಯಲ್ಲಿದ್ದಳು. ಪಾತ್ರೆ ಮಾತ್ರ ತುಂಬಿ ತುಳುಕುತ್ತಿತ್ತು. ಎಂಟು ಗಂಟೆಯಲ್ಲ, ಕ್ರಿಸ್ಮಸ್‌ವರೆಗೂ ಬರುವಂತಿತ್ತು. ನಾರ್ಬರ್ಟ್ ಅದರ ಅಂಚನ್ನು ಪ್ರೀತಿಯಿಂದ ಸವರಿದ.

ಆಗ ಬಂದಳು ಮೂಲೆಮನೆಯ ಒಡೆಟ್ ಫಾಹಿ. ಹತ್ತು ವರ್ಷ, ಮಾಟಗಾತಿಯ ವೇಷ, ಕೈಯಲ್ಲಿ ದಿಂಬಿನ ಚೀಲ. ಅವಳು ನೇರ ಜೋಕಿಗೆ ಬರಲಿಲ್ಲ.

"ಮಿಸ್ಟರ್ ಬ್ರಕರ್, ಒಂದು ಜೋಕಿಗೆ ಒಂದು ಅಂತ ಕೇಳಿದೆ, ನಿಜಾನಾ?"

"ನಿಜ."

"ಎರಡು ಹೇಳಿದ್ರೆ?"

"ಎರಡು."

"ಇಷ್ಟಕ್ಕಿಂತ ಜಾಸ್ತಿ ಹೇಳೋ ಹಾಗಿಲ್ಲ ಅಂತ ಏನಾದ್ರೂ ಇದೆಯಾ?"

ಆ ಸಂಜೆ ಕಾನೂನನ್ನು ಗೌರವದಿಂದ ವಿಚಾರಿಸಿದ ಮೊದಲ ವ್ಯಕ್ತಿ ಅವಳು. ನಾರ್ಬರ್ಟ್‌ಗೆ ಎದೆ ತುಂಬಿ ಬಂತು. "ಇಲ್ಲಮ್ಮ. ನ್ಯಾಯ ಅಂದ್ರೆ ನ್ಯಾಯ."

ಒಡೆಟ್ ಚೀಲ ಕೆಳಗಿಟ್ಟು ತೋಳು ಮೇಲೆ ಸರಿಸಿದಳು. ಅವಳಿಗೆ ನಾಲ್ವರು ಅಣ್ಣಂದಿರು ಎಂಬುದು ನಾರ್ಬರ್ಟ್‌ಗೆ ಗೊತ್ತಿತ್ತು. ಅವಳ ಅಜ್ಜ ಒಂದು ಕಾಲದಲ್ಲಿ ಬಾರ್ ನಡೆಸುತ್ತಿದ್ದ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ.

"ದೆವ್ವಕ್ಕೆ ಗೋಡೆ ದಾಟೋಕೆ ಬರುತ್ತೆ, ಆದ್ರೂ ಲಿಫ್ಟಲ್ಲೇ ಹೋಗುತ್ತೆ. ಯಾಕೆ?"

"ಯಾಕೆ?"

"ಮಂಡಿನೋವು."

ನಾರ್ಬರ್ಟ್ ಜೋರಾಗಿ ನಕ್ಕ. ಒಂದು ಕೊಟ್ಟ.

"ನಿನ್ನ ಲೆಕ್ಕ ನಿಮ್ಮಪ್ಪ ಮಾಡಿದ್ರಾ ಅಂತ ಟೀಚರ್ ಕೇಳಿದ್ರು. ಇಲ್ಲ ಮಿಸ್, ಅವರು ಅರ್ಧ ಮಾಡಿ, ಅತ್ತು, ಮಲ್ಕೊಂಡ್ರು ಅಂದೆ."

ಇನ್ನೊಂದು ಕೊಟ್ಟ. ಹತ್ತನೆಯದಕ್ಕೂ ನಕ್ಕ. ಆಮೇಲೆ ನಗು ತೆಳುವಾಗುತ್ತ ಬಂತು. ಒಡೆಟ್‌ಗೆ ಆಯಾಸವಿರಲಿಲ್ಲ. ವೈದ್ಯರ ಜೋಕು, ಪಾದ್ರಿಯ ಜೋಕು, ಹಸುವಿನ ಜೋಕು, ಅತ್ತೆಯ ಜೋಕು, ಹತ್ತು ವರ್ಷದವಳಿಗೆ ಗೊತ್ತಿರಬಾರದ ಒಂದು ಬಾರಿನ ಜೋಕು. ಎಲ್ಲವೂ ಬೇರೆ ಬೇರೆ, ಯಾವುದೂ ಅಸ್ಥಿಪಂಜರವಲ್ಲ.

"ಕಿತ್ತಳೇದು ಬೇಡ. ಅಡೀಲಿರೋ ಚಾಕೊಲೇಟು ಕೊಡಿ."

"ಆರಿಸ್ಕೊಳ್ಳೋ ಹಾಗಿಲ್ಲ."

"ನೀವು ಹೇಳಿದ ರೂಲ್ಸಲ್ಲಿ ಅದಿರಲಿಲ್ಲ."

ಇರಲಿಲ್ಲ. ಪಂದ್ಯದ ನಡುವೆ ನಿಯಮ ಬದಲಿಸುವ ಅಂಪೈರನನ್ನು ನಾರ್ಬರ್ಟ್ ತನ್ನ ಜೀವಮಾನದಲ್ಲಿ ಮನುಷ್ಯನೆಂದು ಗಣಿಸಿದವನಲ್ಲ. ಅವನು ಬಗ್ಗಿ ತಳದಿಂದ ಚಾಕೊಲೇಟು ತೆಗೆದ, ಮೊಣಕೈವರೆಗೆ ಕೈ ಹಾಕಿ. ಚಾಕೊಲೇಟು ಮುಗಿದ ಮೇಲೆ ಅವಳು ಕಿತ್ತಳೆಯದಕ್ಕೂ ಒಪ್ಪಿದಳು. ಹುಲ್ಲಿನ ಮೇಲಿದ್ದವರು ಒಬ್ಬೊಬ್ಬರಾಗಿ ಮೆಟ್ಟಿಲಿಗೆ ಹತ್ತಿರವಾಗಿ, ಬಾಯಿ ತೆರೆದುಕೊಂಡು ನೋಡುತ್ತಿದ್ದರು.

ಲೊರೇನ್ ಒಂದು ಬಟ್ಟಲು ಚಿಲ್ಲಿ ಹಿಡಿದು ಬಾಗಿಲಿಗೆ ಬಂದಾಗ ನಾರ್ಬರ್ಟ್ ಪಾತ್ರೆಯ ಮೇಲೆ ತನ್ನ ಟೋಪಿ ಮುಚ್ಚಿಟ್ಟಿದ್ದ.

"ಟೋಪಿ ತೆಗಿ."

ತೆಗೆದ. ನೀಲಿ ತಳ ಹೊಳೆಯಿತು.

"ಇನ್ನೂ ಏಳಾಗಿಲ್ಲ ನಾರ್ಬರ್ಟ್. ಎಲ್ಲಿ ಹೋಯ್ತು ಅಷ್ಟೂ?"

ಅವನು ದಿಂಬಿನ ಚೀಲದ ಕಡೆ ಗದ್ದ ಎತ್ತಿ ತೋರಿಸಿದ. "ನ್ಯಾಯವಾಗೇ ಹೋಯ್ತು."

"ಈ ಮಕ್ಕಳಿಗೆ?"

ಹುಲ್ಲಿನ ಮೇಲೆ ಗಗನಯಾತ್ರಿಯೊಬ್ಬನನ್ನು ಬಿಟ್ಟು ಇಡೀ ಎರಡನೇ ತರಗತಿ ನಿಂತಿತ್ತು. ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು: "ಈ ಸಲ ಜೋಳ ಬೇಡ ಲೊರೇನ್, ಬಟಾಣಿ ಇದ್ರೆ ನೋಡು!"

ಲೊರೇನ್ ಕಿವಿವರೆಗೆ ಕೆಂಪಾದಳು. ನಾರ್ಬರ್ಟ್ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನ ವರ್ಷದ ಟೀವಿ ಅವನ ಕಣ್ಣ ಮುಂದೆಯೇ ಉರಿಯತೊಡಗಿತು.

"ಒಡೆಟ್," ಎಂದ, ಆದಷ್ಟು ಮೆತ್ತಗೆ. "ಸ್ವಲ್ಪ ವಾಪಸ್ ಕೊಡ್ತೀಯಾ? ಈ ಚಿಕ್ಕೋರಿಗೆ?"

ಒಡೆಟ್ ಯೋಚಿಸಿದಳು. ದುರಾಸೆಯವಳೇನೋ ಹೌದು, ಕೆಟ್ಟವಳಲ್ಲ. "ಕೊಡ್ತೀನಿ. ಒಂದು ಜೋಕಿಗೆ ಒಂದು. ಈಗಾಗ್ಲೇ ಕೇಳಿರೋದು ನಡೆಯಲ್ಲ."

ಹುಲ್ಲಿನ ಮೇಲಿಂದ ಹೋ ಎಂಬ ಸದ್ದು ಎದ್ದಿತು. ಡೆನ್ನಿಸ್ ತನ್ನ ಕಡಲ್ಗಳ್ಳನನ್ನು ಸರಿಯಾಗಿ ಕಾಣಲೆಂದು ಹೆಗಲ ಮೇಲೆ ಹೊತ್ತುಕೊಂಡ. ನಾರ್ಬರ್ಟ್ ಗಂಟಲು ಸರಿಮಾಡಿಕೊಂಡ.

"ಒಬ್ಬ ಅಂಪೈರ್ ಕಣ್ಣಿನ ಡಾಕ್ಟರ್ ಹತ್ರ ಹೋದ್ನಂತೆ..."

"ಡಾಕ್ಟರ್ ಎಲ್ಲಿದ್ದಾರೆ ಅಂತ ಗೋಡೇನ ಕೇಳ್ತಾನೆ. ಕೇಳಿದ್ದೀನಿ."

"ಇಬ್ರು ಮೀನು ಹಿಡಿಯೋಕೆ ಹೋಗಿದ್ರು..."

"ಮೀನು ತಾನೇ ಮಾತಾಡೋದು? ನಮ್ಮಜ್ಜ ದಿನಾ ಹೇಳ್ತಾರೆ." ಒಡೆಟ್ ಹೆಬ್ಬೆರಳನ್ನು ಹೆಗಲ ಮೇಲಿಂದ ಹಿಂದಕ್ಕೆ ಬೀಸಿದಳು. ಮಕ್ಕಳೆಲ್ಲ ಒಟ್ಟಿಗೆ ಕೂಗಿದರು: "ಔಟ್!"

ಮೂರನೆಯದು ಅವನಿಗೆ ಅರ್ಧಕ್ಕೆ ಮರೆತುಹೋಯಿತು. ನಾಲ್ಕನೆಯದಾಗಿ, ಬೇರೆ ದಾರಿಯಿಲ್ಲದೆ, ಅಸ್ಥಿಪಂಜರ ಯಾಕೆ ಹೋಟ್ಲಿಗೆ ಹೋಗಲ್ಲ ಎಂದು ಶುರು ಮಾಡಿದ. ಎರಡನೇ ತರಗತಿ ಒಂದೇ ಉಸಿರಿಗೆ ಉತ್ತರ ಹೇಳಿತು.

ಲೊರೇನ್ ಚಿಲ್ಲಿ ಬಟ್ಟಲನ್ನು ಅವನ ಕೈಗಿಟ್ಟು ಮುಂದೆ ಬಂದಳು.

"ನಾನು ಹೇಳಬಹುದಾ?"

"ಯಾರು ಬೇಕಾದ್ರೂ ಹೇಳಬಹುದು," ಎಂದಳು ಒಡೆಟ್.

"ನಮ್ಮ ಮದುವೆ ದಿನ. ತುಂಬಿದ ಚರ್ಚು. ಪಾದ್ರಿಗಳು ಇವನ್ನ ಕೇಳಿದ್ರು, ಈ ಹುಡುಗಿ ನಿನಗೆ ಒಪ್ಪಿಗೇನಾ ಅಂತ. ಗಾಬರೀಲಿ ಇವನಿಗೆ ಮಾತೇ ಹೊರಡಲಿಲ್ಲ. ಓಡೋನು ಔಟಾಗಿಲ್ಲ ಅಂದ್ರೆ ಅಂಪೈರ್ ಮಾಡ್ತಾನಲ್ಲ, ಹಂಗೆ ಎರಡೂ ಕೈ ಅಗಲಿಸಿ ನಿಂತ್ಕೊಂಡ."

ಅವಳು ಮಾಡಿ ತೋರಿಸಿದಳು. ಮೊದಲು ದೊಡ್ಡವರು ನಕ್ಕರು, ಆಮೇಲೆ ಮಕ್ಕಳು, ಕೊನೆಗೆ ಹೆಗಲ ಮೇಲಿನ ಕಡಲ್ಗಳ್ಳ. ಒಡೆಟ್ ಚೀಲದಿಂದ ಒಂದು ಚಾಕೊಲೇಟು ತೆಗೆದು ಪಾತ್ರೆಗೆ ಹಾಕಿದಳು. ಟಣ್ ಎಂದಿತು.

"ಅದು ಜೋಕಲ್ಲ! ಅದು ನಡೆದದ್ದು!" ಎಂದ ನಾರ್ಬರ್ಟ್.

"ನಡೆದದ್ದು ಹೇಳಬಾರ್ದು ಅಂತ ರೂಲ್ಸಲ್ಲಿಲ್ಲ, ಮಿಸ್ಟರ್ ಬ್ರಕರ್."

"ಹೋದ ವರ್ಷ ಇದೇ ದಿನ," ಲೊರೇನ್ ಸೆರಗಿಲ್ಲದ್ದರಿಂದ ಏಪ್ರನ್ ಅಂಚನ್ನೇ ಸೊಂಟಕ್ಕೆ ಸಿಕ್ಕಿಸಿದಳು, "ಮಿಠಾಯಿ ಮುಗೀತು ಅಂತ ಸೋಫಾ ಹಿಂದೆ ಬಚ್ಚಿಟ್ಕೊಂಡ. ಮಂಡಿ ಹಿಡ್ಕೊಂಡುಬಿಡ್ತು. ಎಬ್ಬಿಸೋಕೆ ಪಕ್ಕದ್ಮನೆ ವಿಲ್ಮಾನ ಕರೆದೆ. ಯಾಕೆ ಅಂತ ಹೇಳೋ ಮೊದ್ಲೇ, ಕತ್ತಲಲ್ಲಿ ಅವಳು ಕಳ್ಳ ಅಂದ್ಕೊಂಡು ಪೊರಕೇಲಿ ಬಾರಿಸಿದ್ಲು."

"ಎರಡೇ ಏಟು!" ಪಕ್ಕದ ಮೆಟ್ಟಿಲಿಂದ ವಿಲ್ಮಾ ಕೂಗಿದಳು.

ಟಣ್.

ಲೊರೇನ್‌ಗೆ ನೆನಪು ಚೆನ್ನಾಗಿತ್ತು. ನಾರ್ಬರ್ಟ್ ಅಂಚೆ ಹಂಚಲು ಹೋಗಿ ನಾಯಿಗೆ ಹೆದರಿ ಮರ ಹತ್ತಿದ್ದು, ಇಳಿಯಲು ಬರದೆ ಅಲ್ಲೇ ಕೂತು ಬೀದಿಯವರಿಗೆಲ್ಲ ಪತ್ರ ಎಸೆದದ್ದು. ಅತ್ತೆಯ ಅಂತ್ಯಸಂಸ್ಕಾರಕ್ಕೆ ಅಂಪೈರ್ ಷೂ ಹಾಕಿಕೊಂಡು ಬಂದದ್ದು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನಿದ್ದೆ ಹೋಗಿ ಡಾಕ್ಟರ ಬೆರಳು ಕಚ್ಚಿದ್ದು. ನಲವತ್ತು ವರ್ಷದ ಸಂಸಾರದಲ್ಲಿ ಸದ್ದಿಲ್ಲದೆ ಕೂಡಿಟ್ಟ ದಾಸ್ತಾನು. ಒಂದಾದರೂ ಹಿಂದೆ ಕೇಳಿದ್ದಲ್ಲ, ಒಂದಕ್ಕೂ ಒಡೆಟ್ ತಕರಾರು ಎತ್ತಲಿಲ್ಲ. ಪಾತ್ರೆಗೆ ಬಿದ್ದದ್ದು ಬಿದ್ದ ಹಾಗೇ ಒಂದೊಂದು ಮಗುವಿನ ಕೈ ಸೇರಿತು. ಸುದ್ದಿ ಹಬ್ಬಿ ಪಕ್ಕದ ಬೀದಿಯ ಮಕ್ಕಳೂ ಬಂದರು. ಮೆಟ್ಟಿಲ ಮೇಲೆ ಜಾಗ ಸಾಲದೆ ಅವಳು ನಾರ್ಬರ್ಟ್‌ಗೆ, "ಸ್ವಲ್ಪ ಏಳು" ಎಂದಳು. ಅವನು ಎದ್ದ. ಅವಳು ಕೂತಳು. ಅಗ್ಗಿಷ್ಟಿಕೆಯ ಪಕ್ಕ ನಿಂತು ಅವನು ಚಿಲ್ಲಿ ತಿಂದ. ಖಾರ ಬಹಳ ಇತ್ತು.

ಎಂಟು ಬಾರಿಸಿದ ಮೇಲೆ, ದಿಂಬಿನ ಚೀಲದಲ್ಲಿ ಇನ್ನೂ ಅರ್ಧ ಉಳಿದಿರುವಾಗಲೇ, ಒಡೆಟ್ ತನ್ನ ಮಾಟಗಾತಿ ಟೋಪಿ ಸರಿಮಾಡಿಕೊಂಡು ಮನೆಗೆ ಹೊರಟಳು. ಪಾತ್ರೆಯಲ್ಲಿ ಕೆಲವು ಕಿತ್ತಳೆ ಅಂಟುಮಿಠಾಯಿಗಳಿದ್ದವು.

"ನೋಡು," ಎಂದ ನಾರ್ಬರ್ಟ್. "ಎಂಟಾಯ್ತು. ಪಾತ್ರೆ ಬರಿದಾಗಿಲ್ಲ."

"ಅದು ನಾನು ಸಂಪಾದಿಸಿದ್ದು ಕಣೋ."

"ಸಂಪಾದಿಸಿದ್ದು ನನ್ನಿಂದ ತಾನೆ?"

ಲೊರೇನ್ ಒಂದು ಕ್ಷಣ ಯೋಚಿಸಿ, ಅದು ನಿಜವೆಂದು ಒಪ್ಪಿಕೊಂಡಳು. ಒಪ್ಪಿದರೂ ಕುರ್ಚಿಯಿಂದ ಏಳಲಿಲ್ಲ.

ಮುಂದಿನ ಹ್ಯಾಲೋವೀನ್‌ಗೆ ಅಲ್ಲಿ ಲೊರೇನ್ ಕೂರುತ್ತಾಳೆ. ಟೀವಿ ನೋಡುವ ಶಿಕ್ಷೆ ರದ್ದಾಗಿದೆ. ನಾರ್ಬರ್ಟ್ ಅಗ್ಗಿಷ್ಟಿಕೆಗೆ ಸೌದೆ ಹಾಕುತ್ತ ಪಕ್ಕದಲ್ಲೇ ನಿಂತಿರಬೇಕು; ಯಾರ ವಿಷಯ ಹೇಳುತ್ತಿದ್ದಾರೆಂದು ಮಕ್ಕಳಿಗೆ ಕಾಣುವಂತಿರಬೇಕು.